ಹಳೇಗುಡ್ಡದಲ್ಲಿ ಯಾರೋ ಕರೆದರು

“ಕಾಂಚನಾ... ಏ ಕಾಂಚನಾ! ನೀರಿಗೆ ಹೋದಾಕಿ ಇನ್ನೂ ಬರಲಿಲ್ಲೇನು?”

ಕಾಂಚನಾ ನಿಂತಲ್ಲೇ ನಿಂತುಬಿಟ್ಟಳು.

ಹೆಂಗಸಿನ ದನಿ! ಆದರೆ ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಎರಡೂ ಬದಿಗೆ ಬಾಗಿಲು ಕಿತ್ತುಕೊಂಡು ಹೋದ ಮನೆಗಳು. ‘ಮೂರು ವರ್ಷ ಆತು, ಹಳೇಗುಡ್ಡದ ಮಂದಿ ಎಲ್ಲಾ ಬಿಟ್ಟು ಹೋಗ್ಯಾರ್ರಿ’ ಎಂದಿದ್ದ, ಗುಡ್ಡದ ಕೆಳಗೆ ಅವಳನ್ನು ಇಳಿಸಿ ಹೋದ ಆಟೋದ ದಸ್ತಗೀರಸಾಬ.

ಹಾಗಾದರೆ ತನ್ನ ಹೆಸರು ಹಿಡಿದು ಕರೆದವರು ಯಾರು?

ತುಂಗಭದ್ರೆಗೆ ಅಡ್ಡಲಾಗಿ ಹೊಸ ಬ್ಯಾರೇಜು ಕಟ್ಟಿದ ಮೇಲೆ ಹಿನ್ನೀರು ಹೊಲಗಳನ್ನು ನುಂಗಿ, ಗುಡ್ಡವನ್ನು ಮೂರು ಕಡೆಯಿಂದ ಸುತ್ತಿಕೊಂಡಿತ್ತು. ಆಚೆ ದಡ ಕಾಣದು. ಸುತ್ತಲಿನವರು ಅದನ್ನು ಸಮುದ್ರವೆಂದೇ ಕರೆಯುತ್ತಿದ್ದರು. ಹೊಲ ಹೋದ ಮೇಲೆ ಊರೂ ಇಳಿದುಹೋಗಿತ್ತು.

ಎಷ್ಟು ಚೆಂದದ ಊರು! ಸವೆದ ಕಲ್ಲಿನ ಮೆಟ್ಟಿಲು, ಸುಣ್ಣ ಮಾಸಿದ ಗೋಡೆ, ಪ್ರತಿ ಓಣಿಯ ಕೊನೆಗೂ ನೀಲಿ ನೀರು... ಆ ಚೆಂದವೇ ಅವಳಿಗೆ ಹೆದರಿಕೆ ಹುಟ್ಟಿಸಿತು.

ಕಾಂಚನಾ ಮುಂಡರಗಿಯ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತನ್ನ ದೊಡ್ಡವ್ವ ಗದಿಗೆವ್ವನ ಕಣ್ಣಿಗೆ ಹನಿ ಔಷಧಿ ಒಯ್ಯಲು ಬರುತ್ತಿದ್ದ ಹಳೇಗುಡ್ಡದ ಕೊಟ್ರೇಶ ಅಲ್ಲೇ ಅವಳ ಮನಸ್ಸು ಗೆದ್ದಿದ್ದ. ಮದುವೆಯೂ ನಿಶ್ಚಯವಾಗಿತ್ತು. ಎಂಟು ತಿಂಗಳ ಹಿಂದೆ ಅವನದೊಂದು ಫೋನು: “ಈ ಮದುವಿ ಬ್ಯಾಡ ಕಾಂಚನಾ. ಯಾಕ ಅಂತ ಕೇಳಬ್ಯಾಡ.”

ಸೋಮವಾರ ಬೇರೆ ಗಂಡಿನ ಕಡೆಯವರು ಬರುವವರಿದ್ದರು. ‘ಆ ಕೊಟ್ರೇಶ ಹಾಳೂರಾಗ ಯಾರನ್ನೋ ಇಟ್ಕೊಂಡಾನ, ಹೆಂಗಸಿನ ದನಿ ಕೇಳತೈತಿ’ ಎಂದು ಜನ ಆಡಿಕೊಳ್ಳುತ್ತಿದ್ದರು. ಒಮ್ಮೆ ಕಣ್ಣಾರೆ ನೋಡಿಬಿಟ್ಟರೆ ಮರೆಯಬಹುದು... ಹಾಗೆಂದೇ ಬಂದಿದ್ದಳು.

“ಏನೋ ಅಂದಾನಪ್ಪ, ಊಟ ಆತೇನು?” ಗೋಡೆಯಾಚೆ ಮುದುಕನೊಬ್ಬ ಕೆಮ್ಮಿದ.

“ಆತ್ರಿ ಕಾಕಾ!” ಇನ್ನೊಂದು ದನಿ. ಅದರ ಹಿಂದೆಯೇ ಹೆಣ್ಣಿನ ನಗು.

ಎದೆ ಗಟ್ಟಿ ಮಾಡಿಕೊಂಡು ಇಣುಕಿದಳು. ಮನೆಗೆ ಚಾವಣಿಯೇ ಇರಲಿಲ್ಲ. ಒಳಗೆ ಯಾರೂ ಇರಲಿಲ್ಲ.

ಅಷ್ಟರಲ್ಲಿ ಹಿತ್ತಲಿನಿಂದ ಬರಿಗಾಲಲ್ಲಿ ಓಡಿಬಂದವನನ್ನು ಕಂಡಳು. ಕೊಟ್ರೇಶ! ಮುಂದಿನ ಮನೆಯ ಗೋಡೆಗೆ ಬಾಯಿಟ್ಟು ಹೆಣ್ಣು ದನಿಯಲ್ಲಿ ಕೂಗಲು ಹೊರಟವನು ಇವಳನ್ನು ಕಂಡು ಬಿಳಿಚಿಕೊಂಡ. ತುಟಿಯ ಮೇಲೆ ಬೆರಳಿಟ್ಟು ಬೇಡಿಕೊಂಡ.

“ಇದೇನು ಹುಚ್ಚಾಟ ನಿಮ್ಮದು?” ಎಂದಳು ಕಾಂಚನಾ.

“ಎಂಟು ತಿಂಗಳ ಹಿಂದ ದೊಡ್ಡವ್ವಗ ಪೂರಾ ಕಣ್ಣು ಹೋದವು” ಎಂದು ಪಿಸುಗುಟ್ಟಿದ. “ಕೆಳಗ ಕರ್ಕೊಂಡು ಹೋದ್ರ ಎಂಟು ದಿನ ಅನ್ನ ಮುಟ್ಟಲಿಲ್ಲ. ತಿರುಗಿ ಕರ್ಕೊಂಡು ಬಂದೆ. ಮಂದಿನೂ ತಿರುಗಿ ಬಂದಾರ ಅಂತ ಸುಳ್ಳು ಹೇಳಿದೆ. ದಿನಾ ಎಲ್ಲಾರ ದನಿ ನಾನ ತಗೀತೀನಿ. ಸೊಸಿ ಎಲ್ಲಿ ಅಂತ ಕೇಳಿದ್ಲು... ನಿನ್ನ ಹೆಸರು ಹೇಳಿದೆ. ಅವತ್ತಿಂದ ನಿನ್ನನ್ನೂ ಕರೀತೀನಿ, ನಿನ್ನ ದನೀನೂ ತಗೀತೀನಿ.”

“ಕೊಟ್ರಾ!” ಚಾವಣಿ ಉಳಿದಿದ್ದ ಒಂದೇ ಮನೆಯಿಂದ ಮುದಿ ದನಿ ಬಂತು. “ಯಾರು ಬಂದಾರೋ? ಹೊಸಾ ಹೆಜ್ಜಿ ಕೇಳತೈತಿ.”

ಕಾಂಚನಾ ಸೀದಾ ಒಳಗೆ ನಡೆದಳು.

“ನಾನ್ರೀ ದೊಡ್ಡವ್ವ. ಕಾಂಚನಾ.”

ಗದಿಗೆವ್ವ ತಡವರಿಸಿ ಅವಳ ಬಳೆ ಮುಟ್ಟಿದಳು, ಗಲ್ಲ ಮುಟ್ಟಿದಳು. ಮುದುಕಿಯ ಕಣ್ಣಲ್ಲಿ ನೀರು ಇಳಿಯಿತು.

“ಇಷ್ಟು ದಿನಾ ಬರೇ ದನಿ ಇತ್ತು. ಇವತ್ತು ಕೈ ಬಂತು.”

ಬಾಗಿಲಲ್ಲಿ ನಿಂತ ಕೊಟ್ರೇಶ ಬೆಚ್ಚಿದ. “ದೊಡ್ಡವ್ವ... ನಿನಗ ಗೊತ್ತಿತ್ತಾ?”

“ಕೋಳಿ ಕೂಗೂದಿಲ್ಲ, ರೊಟ್ಟಿ ಬಡಿಯೂ ಸಪ್ಪಳಿಲ್ಲ. ಅದಕ್ಕ ಕಣ್ಣು ಬೇಕೇನು? ಮಗ್ಗಲ ಮನಿ ಬೀರವ್ವನ ದನಿ ನೀ ಬರೋಬ್ಬರಿ ತಗೀತಿದ್ದಿ. ಆದ್ರ ಆಕಿ ಹ್ವಾದ ವರ್ಷನ ಸತ್ತಾಳ. ಸತ್ತಾಕಿ ದಿನಾ ಬಂದು ಮಾತಾಡಸ್ತಿದ್ಲು! ಹೇಳಿಬಿಟ್ರ ಈ ಮನ್ಯಾಗ ನಾವಿಬ್ಬರ, ನೀರಿನ ಸಪ್ಪಳ ಕೇಳ್ಕೋತ ಕುಂಡ್ರಬೇಕಾಗ್ತಿತ್ತು. ನನಗ ಅದರ ಅಂಜಿಕಿ ಇತ್ತಪಾ.”

ಕೊಟ್ರೇಶ ಅವಳ ಕಾಲ ಬಳಿ ಕುಸಿದು ಕೂತ.

“ಹರೇದ ಹುಡುಗನ್ನ ಸತ್ತೋರ ನಡುವ ಇಟ್ಕೊಂಡೆ. ಸಾಕು. ನಾಳೆ ಕೆಳಗ ಇಳಿಯೂಣು. ಈ ಕೈ ಹಿಡಕೊಂಡು ಬರತೀನಿ.”

ಕಾಂಚನಾ ಹೊರಗೆ ಬಂದು ಜಗಲಿಯ ಕಂಬಕ್ಕೆ ಒರಗಿದಳು. ಕೊಟ್ರೇಶ ಹಿಂದೆಯೇ ಬಂದ.

“ನನಗೊಂದು ಮಾತು ಹೇಳಬಾರದಿತ್ತೇನ್ರಿ? ಎಂಟು ತಿಂಗಳು ಹೆಂಗ ಕಳದೀನಿ ಗೊತ್ತೈತೇನು?”

“ಕಣ್ಣಿಲ್ಲದ ಮುದುಕಿ, ಹಾಳು ಬಿದ್ದ ಊರು... ಬಾ ಅಂತ ಯಾವ ಬಾಯಿಲೆ ಕೇಳಲಿ?”

“ಕೇಳಿದ್ದರ ತಾನ ಗೊತ್ತಾಗೂದು!”

ಅವನು ತಲೆ ಎತ್ತಿದ. ಕಣ್ಣು ತುಂಬಿತ್ತು. “ಬರ್ತೀಯೇನು ಕಾಂಚನಾ? ನನ್ನ ಜೊತಿ... ಎಲ್ಲೇ ಇದ್ರೂ?”

“ಬರ್ತೀನಿ...” ಎಂದಳು, ಅವನಿಗಷ್ಟೇ ಕೇಳುವಂತೆ.

“ಜೋರಾಗಿ ಹೇಳವಾ!” ಒಳಗಿನಿಂದ ಗದಿಗೆವ್ವ ಕೂಗಿದಳು. “ನನಗೂ ಕೇಳಲಿ!”