ಥ್ಯಾಂಕ್ಸಿನಲ್ಲಿ ಇಲ್ಲದ ಹೆಸರು

"ನಿಲ್ಸ್ರೀ! ಏಯ್, ನಿಲ್ಸ್ರೀ ಅದನ್ನ!"

ಶ್ರೀಲತಾ ಕೂಗುತ್ತ ಓಡಿ ಬರುವಷ್ಟರಲ್ಲಿ ತಡವಾಗಿತ್ತು. ಅಂಜನಾಪುರ ಡ್ಯಾಮಿನ ದಂಡೆಯ ಮೇಲೆ, ದೋಣಿಯಿಂದ ಬಿಚ್ಚಿ ಗೂಟಕ್ಕೆ ಕಟ್ಟಿದ್ದ ಅವಳ ಹಳೇ ಮೋಟಾರ್ ಒದರುತ್ತಿತ್ತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು.

ಪಕ್ಕದಲ್ಲಿ ಹಲ್ಲು ಕಿರಿದು ನಿಂತವನು ಶಿವರಾಮ. ಸೊರಬದ ಕಡೆಯ ಚಂದ್ರಗುತ್ತಿಯವನು. ಶಿಕಾರಿಪುರ ಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಬೇರೆ ಯಾರೂ ಮುಟ್ಟಲು ಒಪ್ಪದ ಮೋಟಾರನ್ನು ನೋಡುತ್ತೇನೆಂದು ಅಂದೇ ಮೊದಲ ಸಲ ಬಂದಿದ್ದ.

"ಸ್ಟಾರ್ಟ್ ಆಯ್ತಲ್ರೀ! ಖುಷಿಪಡೋದು ಬಿಟ್ಟು ಕೂಗ್ತೀರಲ್ಲ!"

"ಇದು ಗದ್ದೆ ಪಂಪ್‌ಸೆಟ್ ಅಲ್ಲ! ಬುಡ ನೀರಲ್ಲಿ ಮುಳುಗಿಸ್ದೆ ಓಡಿಸಿದ್ರೆ ಒಳಗೆ ನೀರೆಳೆಯೋ ರಬ್ಬರ್ ರೆಕ್ಕೆ ಸುಟ್ಟು ಹೋಗ್ತೈತೆ. ನಿಮ್ಮ ಕೈಗೆ ಸ್ಪ್ಯಾನರ್ ಕೊಟ್ಟೋನ್ ಯಾವನ್ರೀ?"

ಶಿವರಾಮನ ನಗು ಇಂಗಿತು. ಆದರೆ ಅವನು ಓಡಿ ಹೋಗಲಿಲ್ಲ.

"ಸುಟ್ಟಿದ್ದು ನಾನು. ಸರಿ ಮಾಡೋದೂ ನಾನೇ," ಎಂದ.

ಅಪ್ಪ ಹುಚ್ಚರಾಯಪ್ಪ ಸತ್ತ ಮೇಲೆ ದೋಣಿ, ಬಲೆ ಎರಡೂ ಶ್ರೀಲತಾಳ ಪಾಲಿಗೆ ಬಂದಿದ್ದವು. ಆಚೆ ದಡದ ಆಳಕ್ಕೆ ಒಬ್ಬಳೇ ಹೋಗಿ ಬಲೆ ಬಿಡಬೇಕೆಂದರೆ ಮೋಟಾರ್ ಬೇಕೇ ಬೇಕು. ಆ ಮೋಟಾರಿನ ಕಂಪನಿಯೋ ಎಂದೋ ಬಾಗಿಲು ಹಾಕಿತ್ತು. ಬಿಡಿಭಾಗ ಎಲ್ಲಿಂದ ತರುವುದು?

ಮೊಬೈಲಿನಲ್ಲಿ ಹುಡುಕಿ ಹುಡುಕಿ ಒಂದು ವಾಟ್ಸಾಪ್ ಗುಂಪು ಸಿಕ್ಕಿತು. ಹಳೇ ದೋಣಿ ಮೋಟಾರ್ ಬಳಗ. ಇಬ್ಬರೂ ಸೇರಿಕೊಂಡರು. ಕಾರವಾರ, ಮಲ್ಪೆ, ಕಾಸರಗೋಡಿನ ಜನ. ಒಬ್ಬರ ಮುಖವೂ ಗೊತ್ತಿಲ್ಲ. ಆದರೂ ಕೇಳಿದ್ದಕ್ಕೆಲ್ಲ ಉತ್ತರ! ಫೋಟೋದಲ್ಲಿ ಕೆಂಪು ಗುರುತು ಹಾಕಿ ತೋರಿಸುವವರು, ಊಟ ಬಿಟ್ಟು ಎದ್ದು ವಿಡಿಯೋ ಮಾಡಿ ಕಳಿಸುವವರು... ಗಂಗೊಳ್ಳಿಯ ವಾಸು ಖಾರ್ವಿ ಎಂಬ ಮುದುಕರಂತೂ ತಮ್ಮದೇ ಮೂಲೆ ಸೇರಿದ ಮೋಟಾರನ್ನು ಬಿಚ್ಚಿ, ರಬ್ಬರ್ ರೆಕ್ಕೆ ತೆಗೆದು ಬಸ್ಸಿನಲ್ಲಿ ಕಳಿಸಿದರು.

ಶಿವರಾಮನಿಗೆ ಮೊಬೈಲಿನಲ್ಲಿ ಬರೆಯುವುದು ಒಗ್ಗದು. ಪ್ರಶ್ನೆಗಳನ್ನೆಲ್ಲ ಬರೆದವಳು ಶ್ರೀಲತಾ. ಒಂದು ಕೈಯಲ್ಲಿ ವಿಡಿಯೋ ತೆಗೆದವಳು ಶ್ರೀಲತಾ. ಸೊಂಟಮಟ್ಟದ ನೀರಿನಲ್ಲಿ ನಿಂತು, ಇನ್ನೊಂದು ಕೈ ಮರಗಟ್ಟುವವರೆಗೆ ಮೋಟಾರಿನ ಬುಡ ಎತ್ತಿ ಹಿಡಿದವಳೂ ಅವಳೇ.

"ಶ್ರೀ, ಸ್ವಲ್ಪ ಎಡಕ್ಕೆ ಹಿಡಿ..."

ರೀ ಹೋಗಿ ಶ್ರೀ ಆಗಿದ್ದು ಯಾವಾಗ? ಅವಳ ಡಬ್ಬಿಯ ರೊಟ್ಟಿಯನ್ನು ಅವನು ಕೇಳದೆ ಮುರಿದು ತಿನ್ನತೊಡಗಿದ್ದು ಯಾವಾಗ? ಅವಳಿಗೆ ನೆನಪಿಲ್ಲ. ಅದು ಹಿತವಾಗಿತ್ತು ಎನ್ನುವುದಷ್ಟೇ ನೆನಪು.

ಕೊನೆಗೊಂದು ಬೆಳಿಗ್ಗೆ ಮೋಟಾರ್ ಹತ್ತಿಕೊಂಡಿತು. ರೆಕ್ಕೆ ಎಳೆದ ನೀರು ಪಕ್ಕದ ತೂತಿನಿಂದ ಚಿಮ್ಮಿತು! ಶ್ರೀಲತಾಳ ಕಣ್ಣು ತುಂಬಿತು.

ಶಿವರಾಮ ಮೊಬೈಲ್ ಎತ್ತಿ ಗುಂಪಿಗೆ ಮಾತಾಡಿ ಕಳಿಸಿದ.

"ಎಲ್ಲರಿಗೂ ಥ್ಯಾಂಕ್ಸ್. ವಾಸು ಮಾವ, ನಿಮ್ಮ ಕಾಲಿಗೆ ಬೀಳ್ಬೇಕು. ಕಾಸರಗೋಡಿನ ಅಣ್ಣ, ಕಾರವಾರದ ಸರ್, ಪಾರ್ಸಲ್ ತಂದುಕೊಟ್ಟ ಕಂಡಕ್ಟರ್... ನಿಮ್ಮನ್ನೆಲ್ಲ ಸಾಯೋವರೆಗೂ ಮರೆಯೋದಿಲ್ಲ!"

ಶ್ರೀಲತಾ ಕಾದಳು. ಈಗ ಹೇಳುತ್ತಾನೆ... ಈಗ...

ಅವನು ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಕಂಡಕ್ಟರಿಗೂ ಥ್ಯಾಂಕ್ಸ್! ಅವಳಿಗಿಲ್ಲ!

ಅವ್ವ ಬಂಗಾರಮ್ಮ ನೆನಪಾದಳು. ಜೀವಮಾನವಿಡೀ ಬಲೆ ಹೆಣೆದವಳು, ಗಳ ಹಾಕಿ ದೋಣಿ ನಡೆಸಿದವಳು. ದೊಡ್ಡ ಕಾಟ್ಲಾ ಮೀನು ಬಿದ್ದ ದಿನ ಊರವರು, "ಹುಚ್ಚರಾಯಪ್ಪನ ಕೈಗುಣ!" ಎಂದರೆ ಅಪ್ಪ ಮೀಸೆ ತಿರುವುತ್ತಿದ್ದ. ಅವ್ವ ಹಾಸಿಗೆ ಹಿಡಿದಾಗ ಹೇಳಿದ್ದಳು: "ಒಂದ್ಸಲನಾದ್ರೂ ಜನರ ಮುಂದೆ ನನ್ನ ಹೆಸ್ರು ಹೇಳ್ತಾನೇನೋ ಅಂತ ಕಾದೆ ಕಣೇ." ಅಪ್ಪ ಹೇಳಲಿಲ್ಲ. ಅವ್ವ ಹೋದಳು.

ಆ ಕಹಿಯೆಲ್ಲ ಈಗ ಶ್ರೀಲತಾಳ ಬಾಯಿಗೆ ಬಂತು.

"ತುಂಬಾ ಥ್ಯಾಂಕ್ಸ್ ಕಣ್ರೀ. ನಿಮ್ಮಿಂದ ದೊಡ್ಡ ಉಪಕಾರ ಆಯ್ತು. ಇನ್ನು ಹೊರಡಿ."

ಶಿವರಾಮನ ಮುಖ ಕಪ್ಪಿಟ್ಟಿತು. "ನಂಗ್ಯಾಕೆ ಥ್ಯಾಂಕ್ಸ್? ಅಷ್ಟು ಬೇರೆಯವನಾದ್ನಾ?"

ಅವಳು ಬೆನ್ನು ತಿರುಗಿಸಿದಳು. ಅವನು ಅಂಗಡಿಗೆ ಬೀಗ ಹಾಕಿ ಚಂದ್ರಗುತ್ತಿಗೆ ಹೋದನೆಂದು ಆಮೇಲೆ ತಿಳಿಯಿತು. ಹೋಗಲಿ! ಮೋಟಾರಿಗೆ ಗೋಣಿಚೀಲ ಹೊದಿಸಿ, ಅವ್ವನಂತೆಯೇ ಗಳ ಹಿಡಿದು ಈಚೆ ದಡದಲ್ಲೇ ಬಲೆ ಬಿಟ್ಟಳು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮೋಟಾರನ್ನು ಮಾತ್ರ ಮುಟ್ಟಲಿಲ್ಲ.

ಹೀಗಿರುವಾಗ ಗುಂಪಿನಲ್ಲಿ ವಾಸು ಖಾರ್ವಿಯವರ ದನಿ ಬಂತು.

"ಎಂತ ಮಾರಾಯಾ ಶಿವರಾಮ, ನಿನ್ನ ಥ್ಯಾಂಕ್ಸ್ ಕೇಳಿದೆ. ಬರೆದದ್ದು ಆ ಹೆಣ್ಣು. ನೀರಲ್ಲಿ ಎತ್ತಿ ಹಿಡ್ಕೊಂಡ ಕೈಯೂ ಅವಳದ್ದೇ, ವಿಡಿಯೋದಲ್ಲಿ ನಾವೆಲ್ಲ ಕಂಡಿದ್ದೇವೆ, ಬಳೆಗಳು ನಡುಗ್ತಿದ್ದವು. ಅವಳ ಹೆಸರೇ ನಿನ್ನ ಬಾಯಲ್ಲಿಲ್ಲ! ನಾಚಿಕೆ ಆಗುದಿಲ್ವಾ ನಿಂಗೆ?"

ಶ್ರೀಲತಾ ದೋಣಿಯಲ್ಲೇ ಕುಸಿದು ಕುಳಿತಳು. ಎಲ್ಲಿಯ ಗಂಗೊಳ್ಳಿ, ಎಲ್ಲಿಯ ಇವಳು! ಮುಖ ನೋಡದ ಆ ಮುದುಕರು ಅವಳ ಬಳೆ ನಡುಗಿದ್ದನ್ನು ನೋಡಿದ್ದರು. "ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ ಮಾವ," ಎನ್ನುತ್ತ ಬಿಕ್ಕಿದಳು.

ಮರುದಿನ ಬೆಳಿಗ್ಗೆ ದಂಡೆಯಲ್ಲಿ ಶಿವರಾಮ ನಿಂತಿದ್ದ.

"ಯಾಕ್ ಬಂದ್ರಿ? ಮಾವ ಬೈದ್ರು ಅಂತಾನಾ?"

"ಹೌದು. ಬೈದ್ರು, ಬಂದೆ. ಸುಳ್ಳು ಯಾಕೆ ಹೇಳ್ಲಿ?" ಅವನ ದನಿ ಒಡೆದಿತ್ತು. "ನಮ್ಮವ್ವ ಅನ್ನ ಬಡಿಸಿದಾಗ ಥ್ಯಾಂಕ್ಸ್ ಅಂದಿದ್ರೆ ಸೌಟಲ್ಲೇ ಬಾರಿಸ್ತಿದ್ಲು, ಮಾರಾಯ್ತಿ! ಅದು ಹೊರಗಿನವರಿಗೆ ಹೇಳೋ ಮಾತು. ನೀನು ನಮ್ಮವಳು ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದೆ!" ಶ್ರೀಲತಾ ಸಿಡಿದಳು. "ನನ್ನ ಕೇಳಿದ್ಯಾ? ಕೇಳ್ದೆ ಮನೆಯವಳಾಗಿ ಮಾಡ್ಕೊಂಡೆ, ಮನೆಯವಳು ಅಂತ ಹೆಸ್ರು ಬಿಟ್ಟೆ! ನಮ್ಮಪ್ಪನೂ ನಮ್ಮವ್ವ ಬಂಗಾರಮ್ಮನಿಗೆ ಇದನ್ನೇ ಮಾಡಿದ್ದು. ಆ ಹೆಂಗಸು ಕಾದು ಕಾದು ಸತ್ಲು, ಶಿವರಾಮ! ನಾನು ಹಾಗೆ ಸಾಯೋದಿಲ್ಲ."

 

ಶಿವರಾಮ ಮೊಬೈಲ್ ತೆಗೆದ. ಗುಂಪಿಗೆ ಮಾತಾಡತೊಡಗಿದ.

"ವಾಸು ಮಾವ, ಎಲ್ಲರೂ ಕೇಳಿ. ಈ ಮೋಟಾರ್ ಸುಟ್ಟವನು ನಾನು. ಉಳಿಸಿದವಳು ಶ್ರೀಲತಾ. ಅಂಜನಾಪುರದ ಬಂಗಾರಮ್ಮನ ಮಗಳು ಶ್ರೀಲತಾ. ಮೊದಲು ಹೇಳ್ಬೇಕಾದ ಹೆಸರನ್ನ ಕೊನೆಗೆ ಹೇಳ್ತಿದೀನಿ. ಬೈದಿದ್ದಕ್ಕೆ ಥ್ಯಾಂಕ್ಸ್ ಮಾವ."

ಬಂಗಾರಮ್ಮ... ಅವ್ವನ ಹೆಸರು ಕಾರವಾರ, ಮಲ್ಪೆ, ಕಾಸರಗೋಡಿಗೆಲ್ಲ ಹೋಯಿತು! ಕೇಳಲು ಅವಳಿಲ್ಲ. ಶ್ರೀಲತಾ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆ ಕಹಿ ಅಷ್ಟಕ್ಕೇ ಹೋಗುವುದಿಲ್ಲ. ಆದರೂ ಮುಖ ಒರೆಸಿಕೊಂಡು ಅವನತ್ತ ತಿರುಗಿದಳು.

"ಜನರ ಮುಂದೆ ಹೇಳಿದ್ಯಲ್ಲ," ಎಂದಳು ಮೆಲ್ಲಗೆ. "ಈಗ ಹೊರಗಿನವಳಾದ್ನಾ?"

"ಈಗ ಕೇಳ್ತಿದೀನಿ ಶ್ರೀ. ನಮ್ಮವಳಾಗ್ತೀಯಾ?"

ಅವಳು ಉತ್ತರಿಸದೆ ಗೋಣಿಚೀಲ ಸರಿಸಿದಳು. ಅವನು ದೋಣಿ ಹತ್ತಿದವನೇ ಗಡಿಬಿಡಿಯಲ್ಲಿ ಮೋಟಾರಿನ ಹಗ್ಗಕ್ಕೆ ಕೈ ಹಾಕಿದ.

"ಏಯ್! ಮೊದ್ಲು ಬುಡ ನೀರಿಗಿಳಿಸು!"

"ಆಮೇಲೆ?"

"ಆಮೇಲೆ ಎಳಿ. ಆಚೆ ದಡ ಮುಟ್ಟೋದ್ರೊಳಗೆ ಹೇಳ್ತೀನಿ."

"ಏನು... ಹೂಂ ಅಂತಾನಾ?"

"ಹೆಸ್ರು ಮರೀದಿದ್ರೆ... ಹೂಂ."