ಕೆಂಪು ಗುಂಡಿಯ ಪ್ಯಾಕೆಟ್

ಬಂದವನ ಬಲಗೈ ಮಣಿಕಟ್ಟಿಗೇ ಮುಗಿದಿತ್ತು. ಎಡಗೈಯಲ್ಲಿ ಪೆನ್‌ಡ್ರೈವ್ ಹಿಡಿದು ಬಾಗಿಲಲ್ಲೇ ನಿಂತ.

"ಒಳಗೆ ಬಾಪ್ಪಾ," ಎಂದಳು ತಂಗಿ. ನೆಟ್‌ವರ್ಕ್ ಎಂಜಿನಿಯರಾಗಿ ನಿವೃತ್ತಳಾದ ಅಕ್ಕನನ್ನು ಹುಡುಕಿಕೊಂಡು ಬರುವವರನ್ನು ಕೂರಿಸಿ, ಹೇಳಿದ್ದನ್ನು ಬರೆದುಕೊಳ್ಳುವುದು ಅವಳ ಕೆಲಸ. ಅಕ್ಕನ ಬೈಗುಳವೇ ಸಂಬಳ.

"ರೋಲರ್ ಮೆಷಿನ್ ಕೈ ಎಳ್ಕೊಳ್ತು ಮೇಡಂ. ಎಡಗೈಲಿ ಕೆಂಪು ಗುಂಡಿ ಒತ್ತಿದೆ. ಒತ್ತಿ ಹಿಡ್ಕೊಂಡೇ ಇದ್ದೆ. ನಿಲ್ಲಲಿಲ್ಲ. ನೀನು ಒತ್ತೇ ಇಲ್ಲ ಅಂತಾರೆ ಮ್ಯಾನೇಜರ್. ಹಂಗಾದ್ರೆ ಪರಿಹಾರನೂ ಇಲ್ಲ, ಕೆಲಸನೂ ಇಲ್ಲ."

"ಅದರಲ್ಲೇನಿದೆ?" ಅಕ್ಕ ಪೆನ್‌ಡ್ರೈವ್ ಕಡೆ ಬೆರಳು ತೋರಿಸಿದಳು.

"ಗುಂಡಿ, ಮೆಷಿನ್ ಒಂದಕ್ಕೊಂದು ಕಳಿಸ್ಕೊಳ್ಳೋ ಸಂದೇಶಕ್ಕೆ ಪ್ಯಾಕೆಟ್ ಅಂತಾರಲ್ಲ, ಆವತ್ತು ಕಾರ್ಖಾನೆ ನೆಟ್‌ವರ್ಕಲ್ಲಿ ಓಡಾಡಿದ ಪ್ಯಾಕೆಟ್ಟೆಲ್ಲಾ ಹಿಡಿದಿಟ್ಟ ಫೈಲು. ಅದನ್ನ ನೋಡ್ಕೊಳ್ಳೋನು ನನ್ನ ತಮ್ಮನೇ. ಮ್ಯಾನೇಜರ್ ಕೈಗೆ ಹೋಗೋಕ್ಮುಂಚೆನೇ ಆಸ್ಪತ್ರೆಗೆ ತಂದ್ಕೊಟ್ಟ. ನನ್ನ ಪಾಲಿಗೆ ಇರೋನು ಅವನೊಬ್ಬನೇ."

ಅಕ್ಕ ಕಪ್ಪು ಪರದೆಯ ಮೇಲೆ ಒಂದರ ಹಿಂದೊಂದು ಕಮಾಂಡ್ ಕೊಟ್ಟಳು. ಸಾಲುಗಳು ಸರಿದವು.

"ಒಳ್ಳೇ ಇರುವೆ ಸಾಲಿದ್ದಂಗಿದೆ," ಎಂದಳು ತಂಗಿ.

"ಒಂದು ಇರುವೆ ಇಲ್ಲ ಕಣೇ." ಅಕ್ಕ ನಗಲಿಲ್ಲ.

ಮ್ಯಾನೇಜರ್ ಬಳಿಯಿದ್ದ ಪ್ರತಿಯನ್ನೂ ಆ ದಿನದ ಲಾಗ್ ದಾಖಲೆಯನ್ನೂ ತರಿಸಿದಳು. ಎರಡು ಫೈಲುಗಳಿಗೂ ಎಳ್ಳಷ್ಟು ವ್ಯತ್ಯಾಸವಿರಲಿಲ್ಲ. ಸದ್ಯ, ಮ್ಯಾನೇಜರ್ ಕೈಯಾಡಿಸಿಲ್ಲ ಎಂದು ತಂಗಿ ನಿಟ್ಟುಸಿರಿಟ್ಟಳು. ಅಕ್ಕ ಪರದೆ ಆರಿಸಿದಳು.

ಮರುದಿನ ಬೆಳಿಗ್ಗೆ ಕಾರ್ಖಾನೆಯ ಪುಟ್ಟ ಕೋಣೆಯಲ್ಲಿ ಎಲ್ಲರೂ ಸೇರಿದರು. ಅಣ್ಣನ ಪಕ್ಕದಲ್ಲೇ ಕೂತ ತಮ್ಮ, ಅವನ ನೀರಿನ ಬಾಟಲಿಯ ಮುಚ್ಚಳ ತೆಗೆದುಕೊಟ್ಟ.

"ಗುಂಡಿ ಕಳಿಸೋ ಪ್ರತಿ ಪ್ಯಾಕೆಟ್ಟಿಗೂ ಮೆಷಿನ್ 'ತಲುಪಿತು' ಅಂತ ರಸೀದಿ ಕೊಡುತ್ತೆ," ಎಂದಳು ಅಕ್ಕ. "ಫೈಲಲ್ಲಿ ರಸೀದಿ ಇದೆ. ಪ್ಯಾಕೆಟ್ ಇಲ್ಲ."

"ಹಿಡಿಯೋವಾಗ ತಪ್ಪಿಸ್ಕೊಂಡಿರಬಹುದಲ್ಲ?" ಮ್ಯಾನೇಜರ್ ಕೇಳಿದ.

"ತಪ್ಪಿದ್ದೆಷ್ಟು ಅಂತ ಲಾಗ್ ಹೇಳುತ್ತೆ. ಸೊನ್ನೆ. ಕಮಾಂಡಿಗೆ ಪ್ಯಾಕೆಟ್ಟಿನ ನಂಬರ್ ಕೊಟ್ರೆ ಸಾಕು, ಅದೊಂದನ್ನ ಕಿತ್ತು ಮಿಕ್ಕಿದ್ದನ್ನ ಹೊಸ ಫೈಲು ಮಾಡುತ್ತೆ. ರಸೀದಿ ಕೀಳೋದು ಮರೆತುಹೋಗಿದೆ. ಆಸ್ಪತ್ರೆಗೆ ಬಂದ ಪ್ರತಿಯಲ್ಲೂ ಆ ಪ್ಯಾಕೆಟ್ ಇಲ್ಲ. ಅಂದ್ರೆ, ನಿಮ್ಮ ಕೈ ಸೇರೋ ಮುಂಚೆನೇ ಕಿತ್ತಾಗಿತ್ತು. ಆಗ ಫೈಲಿದ್ದದ್ದು ಒಬ್ಬನ ಹತ್ರ."

ಬಾಟಲಿಯ ಮುಚ್ಚಳ ಇನ್ನೂ ತಮ್ಮನ ಅಂಗೈಯಲ್ಲೇ ಇತ್ತು.

"ಮೆಷಿನ್ ಸುಮ್‌ಸುಮ್ನೆ ನಿಲ್ತಿತ್ತು ಅಣ್ಣಾ," ಎಂದ ಅವನು. "ಮೂರು ಸಲ ಒತ್ತಿದ್ರೆ ಮಾತ್ರ ನಿಲ್ಲೋ ಹಾಗೆ ನಾನೇ ಬದಲಾಯಿಸಿದ್ದೆ. ಯಾರಿಗೂ ಹೇಳಿರಲಿಲ್ಲ. ಅದು ಗೊತ್ತಾಗ್ಬಾರ್ದು ಅಂತ ಪ್ಯಾಕೆಟ್ ಕಿತ್ತೆ."

"ನಾನು ಒತ್ತಿ ಹಿಡ್ಕೊಂಡೇ ಇದ್ನಲ್ಲೋ," ಎಂದ ಅಣ್ಣ, ಮೆಲ್ಲಗೆ. "ಕೈ ತೆಗೀಲೇ ಇಲ್ಲ."

"ಪೊಲೀಸಿಗೆ ಹೇಳ್ಬೇಕಾಗುತ್ತೆ," ಎಂದ ಮ್ಯಾನೇಜರ್. ತಂಗಿ ಪೆನ್ನಿನ ಮುಚ್ಚಳ ತೆರೆದಳು.

ಅಣ್ಣ ತಮ್ಮನ ಕಡೆ ನೋಡಿದ. ಈಗ ಮನೆ ನಡೆಯುತ್ತಿದ್ದದ್ದು ಆ ಒಬ್ಬನ ಸಂಬಳದಲ್ಲಿ.

"ನಾನು ಒತ್ಲಿಲ್ಲ ಅಂತ ಬರ್ಕೊಳ್ಳಿ ಅಮ್ಮಾ."

"ಅಕ್ಕಾ?" ಎಂದಳು ತಂಗಿ.

ಅಕ್ಕ ಪೆನ್‌ಡ್ರೈವನ್ನು ಅಣ್ಣನ ಕಡೆ ಸರಿಸಿದಳು. "ಕೈ ಅವನದು. ಬರಿ," ಎಂದಳು.

ತಂಗಿ ಬರೆದಳು. ಎಡಗೈಯಲ್ಲಿ ಸಹಿ ಇನ್ನೂ ಕೂರದ ಅಣ್ಣ ಹೆಬ್ಬೆಟ್ಟು ಒತ್ತಿದ. ಕಾಗದ ಜಾರದಂತೆ ತಮ್ಮ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.