ತೊಂಬತ್ತು ಗ್ರಾಮಿನ ಗೌನು

ಷಟರ್ ದಡಾರ್ ಎಂದು ಕೆಳಗಿಳಿಯಿತು!

ನಾನು ಒಳಗೆ. ಬೆಳಕು ಹೊರಗೆ.

ತಿರುಗಿ ನೋಡಿದೆ. ಇಬ್ಬರು ನಿಂತಿದ್ದರು. ದಪ್ಪನೆಯವನ ಕೈಯಲ್ಲಿ ಕಬ್ಬಿಣದ ರಾಡ್. ಉದ್ದನೆಯವನ ಕೈಯಲ್ಲಿ ಪಾರ್ಸೆಲ್‌ಗೆ ಅಂಟಿಸುವ ಟೇಪ್. ನನಗೆ ಟೇಪ್ ಕಂಡೇ ಹೆಚ್ಚು ಹೆದರಿಕೆಯಾಯಿತು. ರಾಡ್ ಹಿಡಿದವನು ಹೆದರಿಸಲು ಬಂದಿರುತ್ತಾನೆ. ಟೇಪ್ ಹಿಡಿದವನು ಕೆಲಸ ಮುಗಿಸಲು ಬಂದಿರುತ್ತಾನೆ!

"ಏನಮ್ಮಾ, ಹೇಳ್ದೆ ಕೇಳ್ದೆ ನುಗ್ಗಿದ್ದೀಯಾ?" ದಪ್ಪನೆಯವನು ಕೇಳಿದ.

"ಗೌನ್ ತಗೊಳ್ಳೋಣ ಅಂತ ಬಂದೆ. ವೆಬ್‌ಸೈಟಲ್ಲಿ ನೋಡಿದ್ದೆ."

"ಇಲ್ಲಿ ಮಾರಲ್ಲ."

"ಗೊತ್ತು. ಎಲ್ಲೂ ಮಾರಲ್ಲ!"

ಗೋಡೌನ್ ತುಂಬ ರಟ್ಟಿನ ಡಬ್ಬಗಳು. ತಲೆ ಎತ್ತಿ ನೋಡುವಷ್ಟು ಎತ್ತರಕ್ಕೆ ಪೇರಿಸಿದ್ದರು. ನನ್ನ ಕೈಯಲ್ಲಿದ್ದ ಒಂದನ್ನು ಅಲುಗಾಡಿಸಿದೆ. ಸದ್ದಿಲ್ಲ. ತೂಕವಿಲ್ಲ. ಒಳಗೆ ಬರೀ ಗಾಳಿ... ಮೇಲೆ ಮಾತ್ರ ಅಚ್ಚುಕಟ್ಟಾದ ಚೀಟಿ. ಕಳಿಸುವವರ ಹೆಸರಿನ ಜಾಗದಲ್ಲಿ ನನ್ನ ಸ್ವಂತ ಅಕ್ಕನ ಹೆಸರು!

ತಡೆಯಿರಿ, ಸ್ವಲ್ಪ ಹಿಂದಕ್ಕೆ ಹೋಗಿ ಹೇಳುತ್ತೇನೆ.

ನಾನು ಹನ್ನೆರಡು ವರ್ಷ ಒಂದು ಬ್ಯಾಂಕಿನಲ್ಲಿ ಕಾರ್ಡ್ ವಂಚನೆಯ ದೂರು ಕೇಳುತ್ತಾ ಕೂತಿದ್ದವಳು. ಮ್ಯಾನೇಜರ್ ಜೊತೆ ಜಗಳವಾಡಿ ಹೊರಬಿದ್ದೆ. ಈಗ ಅದೇ ಕೆಲಸವನ್ನು ಖಾಸಗಿಯಾಗಿ ಮಾಡುತ್ತೇನೆ. ಸಂಬಳ ಕಡಿಮೆ, ಬೈಗುಳ ಹೆಚ್ಚು.

ಅಕ್ಕ ಟೈಲರ್. ಭಾವ ತೀರಿಕೊಂಡ ಮೇಲೆ ಆ ಮಷೀನೇ ಅವಳ ಬದುಕು. ವರ್ಷದ ಕೆಳಗೆ ಅವಳ ಬೀದಿಗೆ ಒಬ್ಬ ಬಂದ. ಹೆಂಗಸರಿಗೆ ಪುಕ್ಕಟೆ ಕಂಪ್ಯೂಟರ್ ಕ್ಲಾಸ್ ಶುರು ಮಾಡಿದ. ಎಲ್ಲರೂ ಅವನನ್ನು ಮೇಷ್ಟ್ರು ಅಂದರು. "ನಿಮ್ಮ ಹೊಲಿಗೆಯನ್ನ ಆನ್‌ಲೈನಲ್ಲಿ ಮಾರೋಣ" ಎಂದ. ಅಕ್ಕ ಸಹಿ ಹಾಕಿದಳು. ಅವಳ ಹೆಸರಲ್ಲಿ ಅಂಗಡಿ, ಅವಳ ಹೆಸರಲ್ಲಿ ಬ್ಯಾಂಕ್ ಖಾತೆ. ಪಾಸ್‌ವರ್ಡ್, ಸಿಮ್ ಕಾರ್ಡ್ ಮಾತ್ರ ಮೇಷ್ಟ್ರ ಜೇಬಿನಲ್ಲಿ.

ಒಂದು ದಿನ ಅಕ್ಕನ ಬಾಗಿಲಿಗೆ ಒಬ್ಬ ಮುದುಕ ಬಂದ. ರಿಟೈರಾದ ಬಸ್ ಡ್ರೈವರ್. ಕೈಯಲ್ಲಿ ಕಾರ್ಡಿನ ಬಿಲ್. ಒಂಬತ್ತು ಗೌನ್ ಕೊಂಡಿದ್ದಾನಂತೆ... ಅದೂ ಅಕ್ಕನ ಅಂಗಡಿಯಿಂದ!

"ಹೆಂಡ್ತಿ ಕಣ್ಣಿನ ಆಪರೇಷನ್‌ಗೆ ಇಟ್ಟಿದ್ದ ದುಡ್ಡು ತಾಯಿ. ಇಬ್ರೇ ಇರೋ ಮನೇಲಿ ಒಂಬತ್ತು ಗೌನ್ ಯಾರು ಹಾಕ್ಕೋತಾರೆ? ಬ್ಯಾಂಕಲ್ಲಿ ಕೇಳಿದ್ರೆ ಪಾರ್ಸೆಲ್ ಡೆಲಿವರಿ ಆಗಿದೆ ಅಂತಾರೆ."

ಅಕ್ಕ ವಾರಕ್ಕೆ ಹೊಲಿಯುವುದು ಆರು ಗೌನು. ವೆಬ್‌ಸೈಟ್ ಮಾರುತ್ತಿದ್ದುದು ದಿನಕ್ಕೆ ಮುನ್ನೂರು!

ನನಗೆ ಅರ್ಥವಾಗಲು ಅರ್ಧ ನಿಮಿಷ ಸಾಕಾಯಿತು. ಎಲ್ಲೋ ಕದ್ದ ಕಾರ್ಡ್ ನಂಬರ್‌ಗಳು. ಅವುಗಳಿಂದ ಅಕ್ಕನ ಅಂಗಡಿಯಲ್ಲಿ ಸುಳ್ಳು ಖರೀದಿ. ಖಾಲಿ ಡಬ್ಬ ಯಾವುದೋ ವಿಳಾಸಕ್ಕೆ ಹೋಗುತ್ತದೆ, ಇವರದೇ ಮನುಷ್ಯ ಸಹಿ ಹಾಕಿ ತಗೊಳ್ಳುತ್ತಾನೆ. ಡೆಲಿವರಿಗೆ ಸಾಕ್ಷಿ ಸಿಕ್ಕಿತು, ದೂರು ಬಿದ್ದುಹೋಯಿತು. ಕದ್ದ ದುಡ್ಡು ಗೌನ್ ಮಾರಿದ ದುಡ್ಡಾಗಿ, ಮೈ ತೊಳೆದುಕೊಂಡು ಅಕ್ಕನ ಖಾತೆಯಿಂದ ಇನ್ನೆಲ್ಲಿಗೋ ನಡೆಯುತ್ತದೆ.

ಗೋಡೌನಿನ ವಿಳಾಸ ಹುಡುಕಿಕೊಂಡು ಬಂದೆ. ಸಿಕ್ಕಿಬಿದ್ದೆ!

ಒಳರೂಮಿನ ಬಾಗಿಲು ತೆರೆಯಿತು. ಮೇಷ್ಟ್ರು ಬಂದ. ಇಸ್ತ್ರಿ ಮಾಡಿದ ಶರ್ಟ್, ಮೆತ್ತಗಿನ ದನಿ. ಮೊದಲು ನನ್ನ ಫೋನ್ ಕಿತ್ತುಕೊಂಡ.

"ನೀವು ಟೈಲರಮ್ಮನ ತಂಗಿ ಅಲ್ವಾ? ಮುಖದ ಕಳೆ ಒಂದೇ."

"ಕೋಪಾನೂ ಒಂದೇ. ಅದನ್ನ ಇನ್ನೂ ನೋಡಿಲ್ಲ ನೀವು."

ನಕ್ಕ. ತನ್ನ ಫೋನ್ ನನ್ನ ಮುಖಕ್ಕೆ ಹಿಡಿದ. ವಿಡಿಯೋ ಕಾಲ್. ಅಕ್ಕನ ಮನೆ. ಅವಳ ಹೊಲಿಗೆ ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಒಬ್ಬ ಬೋಳುತಲೆಯವನು ಕಾಲು ಚಾಚಿ ಕೂತಿದ್ದ...



"ನಿಮ್ಮಕ್ಕನಿಗೆ ಒಂದು ಕಾಗದ ಕಳಿಸಿದ್ದೀನಿ. ಎಲ್ಲಾ ನಾನೇ ಮಾಡಿದ್ದು ಅಂತ ಬರೆದಿದೆ. ಸಹಿ ಹಾಕಿದ್ರೆ ನಿಮ್ಮಕ್ಕನಿಗೆ ಏನೂ ಆಗಲ್ಲ, ಒಂದೆರಡು ವರ್ಷ ಜೈಲು ಅಷ್ಟೇ. ಹಾಕದಿದ್ರೆ..."

"ಹಾಕದಿದ್ರೆ?"

"ಟೈಲರಿಗೆ ಬೆರಳು ಮುಖ್ಯ ಅಲ್ವಾ?"

ಉದ್ದನೆಯವನು ಟೇಪ್ ಎಳೆದ. ಕರ್‌ರ್... ಎಂಬ ಸದ್ದು. ನನ್ನ ಮಣಿಕಟ್ಟು ಹಿಡಿದು ಒಂದು ಸುತ್ತು ಸುತ್ತಿದ.

ಆಗ ಹೊರಗೆ ಹಾರ್ನ್! ಒಂದಲ್ಲ, ಮೂರು ಸಲ.

"ಕೊರಿಯರ್!" ಎಂದ ದಪ್ಪನೆಯವನು. "ಇವತ್ತು ಬೇಗ ಬಂದುಬಿಟ್ಟಿದೆ."

"ಇವಳನ್ನ ಒಳಗೆ ಹಾಕು ಮೊದ್ಲು!"

ಹಾಕಲು ಪುರುಸೊತ್ತೇ ಸಿಗಲಿಲ್ಲ. ಷಟರ್ ಹೊರಗಿನಿಂದಲೇ ಸರ್ರನೆ ಮೇಲೆದ್ದಿತು. ಖಾಕಿ ಕೋಟಿನ ಗಟ್ಟಿಮುಟ್ಟಾದ ಹೆಂಗಸೊಬ್ಬಳು ಬಗ್ಗಿ ನೋಡಿದಳು. ಕೊರಿಯರ್ ವ್ಯಾನಿನ ಡ್ರೈವರ್.

"ಬೇಗ ಬೇಗ ಲೋಡ್ ಮಾಡ್ರಪ್ಪಾ, ನನಗಿನ್ನೂ..." ಅಷ್ಟರಲ್ಲಿ ಅವಳ ಕಣ್ಣು ನನ್ನ ಕೈಯ ಟೇಪಿನ ಮೇಲೆ ಬಿತ್ತು.

ನಾನು ಕಾಯಲಿಲ್ಲ. ಪಕ್ಕದ ಡಬ್ಬದ ಸಾಲಿಗೆ ಭುಜ ಕೊಟ್ಟು ತಳ್ಳಿದೆ! ಒಂದಕ್ಕೂ ತೂಕವಿಲ್ಲ, ನಿಜ. ಆದರೆ ನೂರು ಡಬ್ಬ ಒಟ್ಟಿಗೆ ಮೈಮೇಲೆ ಬಿದ್ದರೆ ಎಂಥ ರೌಡಿಗೂ ಕಣ್ಣು ಕಾಣುವುದಿಲ್ಲ. ಮೂವರೂ ರಟ್ಟಿನಲ್ಲಿ ಮುಳುಗಿದರು. ಒಂದು ಡಬ್ಬ ಎದೆಗೆ ಅವುಚಿಕೊಂಡು ವ್ಯಾನಿಗೆ ಹಾರಿದೆ.

"ಓಡ್ಸು!"

ಅವಳು ಒಂದೂ ಪ್ರಶ್ನೆ ಕೇಳದೆ ಗೇರ್ ಹಾಕಿದಳು. ಮೊದಲ ತಿರುವು ದಾಟಿದ ಮೇಲೆ ಕೇಳಿದಳು.

"ಆ ಡಬ್ಬದಲ್ಲಿ ಏನಿದೆ?"

"ಏನೂ ಇಲ್ಲ."

"ನಾನೂ ಅದೇ ಅಂದ್ಕೊಂಡೆ! ಮೂರು ತಿಂಗಳಿಂದ ಎತ್ತುತಾ ಇದ್ದೀನಿ, ಒಂದು ಸಲಾನೂ ಬೆನ್ನು ನೋವು ಬಂದಿಲ್ಲ. ನೋಡಿ..." ಎಂದು ಸ್ಕ್ಯಾನರ್ ನನ್ನ ಮಡಿಲಿಗೆ ಎಸೆದಳು. "ನಮ್ಮ ಆಫೀಸಲ್ಲಿ ಪ್ರತಿ ಡಬ್ಬಾನೂ ತೂಗ್ತಾರೆ."

ಪರದೆ ಮೇಲೆ ಪಟ್ಟಿ. ಗೌನ್, ತೊಂಬತ್ತು ಗ್ರಾಂ. ಗೌನ್, ತೊಂಬತ್ತು ಗ್ರಾಂ. ಕೆಳಗೆ ಎಳೆದಷ್ಟೂ ಮುಗಿಯುತ್ತಿಲ್ಲ. ತೊಂಬತ್ತು ಗ್ರಾಂ ಅಂದರೆ ರಟ್ಟಿನದೇ ತೂಕ! ಮೇಷ್ಟ್ರು ಸುಳ್ಳು ಸಾಕ್ಷಿಗೆಂದು ಸಾಕಿಕೊಂಡಿದ್ದ ಕೊರಿಯರ್, ನಿಜದ ಸಾಕ್ಷಿಯನ್ನೂ ಬರೆದಿಡುತ್ತಿತ್ತು.

ಕನ್ನಡಿಯಲ್ಲಿ ಬೈಕ್ ಕಂಡಿತು. ದಪ್ಪನೆಯವನು ಓಡಿಸುತ್ತಿದ್ದ. ಹಿಂದೆ ಉದ್ದನೆಯವನು ರಾಡ್ ಬೀಸುತ್ತಿದ್ದ. ಧಡ್! ಹಿಂದಿನ ಗಾಜು ಪುಡಿಪುಡಿ!

"ನನ್ನ ಗಾಡಿ!" ಡ್ರೈವರಮ್ಮ ಹಲ್ಲು ಕಡಿದಳು. "ಗಟ್ಟಿಯಾಗಿ ಹಿಡ್ಕೊಳ್ಳಿ."

ಕಟ್ಟಡ ಕಟ್ಟುತ್ತಿದ್ದ ಬೀದಿಗೆ ವ್ಯಾನ್ ತಿರುಗಿಸಿದಳು. ನಡುವೆ ಮರಳಿನ ರಾಶಿ. ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಎಳೆದಳು. ನಾವು ದಾಟಿದೆವು. ಬೈಕ್ ದಾಟಲಿಲ್ಲ. ಇಬ್ಬರೂ ಮರಳಿನಲ್ಲಿ ಸೊಂಟದವರೆಗೆ!

ಅವಳ ಫೋನ್ ಇಸಿದುಕೊಂಡು ಅಕ್ಕನಿಗೆ ಮಾಡಿದೆ. ಎರಡು ಸಲ ತಪ್ಪು ನಂಬರ್ ಒತ್ತಿದೆ. ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ?

"ಅಕ್ಕಾ! ಆ ಬೋಳುತಲೆಯವನು ಅಲ್ಲೇ ಇದ್ದಾನಾ?"

"ಇದ್ದಾನೆ. ಒಳಗಡೆ ರೂಮಲ್ಲಿ."

"ಏನ್ ಮಾಡ್ತಿದ್ದಾನೆ?"

"ಬಾಗ್ಲು ಬಡೀತಿದ್ದಾನೆ. ಸಹಿ ಹಾಕ್ತೀನಿ, ಪೆನ್ ಒಳಗಿದೆ ತಂದ್ಕೊಡಪ್ಪಾ ಅಂದೆ. ಹೋದ. ಚಿಲಕ ಹಾಕ್ದೆ. ನೀನು ಊಟ ಮಾಡ್ಕೊಂಡೇ ಬಾ, ಅವಸರ ಇಲ್ಲ."

ನನಗೆ ನಗು ಬಂತೋ ಅಳು ಬಂತೋ ಇವತ್ತಿಗೂ ಗೊತ್ತಿಲ್ಲ.

ಮನೆ ಸೇರಿದಾಗ ಅಕ್ಕನ ಜೊತೆ ಇನ್ನೂ ಹನ್ನೊಂದು ಹೆಂಗಸರು. ಕಂಪ್ಯೂಟರ್ ಕ್ಲಾಸಿನವರು. ಅಕ್ಕನೇ ಕರೆಸಿದ್ದಳು. ಒಬ್ಬೊಬ್ಬಳ ಹೆಸರಲ್ಲೂ ಒಂದೊಂದು ಅಂಗಡಿ! ಒಬ್ಬಳದು ಆಟಿಕೆ, ಒಬ್ಬಳದು ಚಪ್ಪಲಿ... ಒಬ್ಬಳೂ ಇನ್ನೊಬ್ಬಳಿಗೆ ಬಾಯಿ ಬಿಟ್ಟಿರಲಿಲ್ಲ.

ಹೊರಗೆ ಕಾರ್ ನಿಂತ ಸದ್ದು. ಮೇಷ್ಟ್ರು ಬಂದ. ಕೂದಲಲ್ಲಿ ರಟ್ಟಿನ ಚೂರು, ಮುಖದಲ್ಲಿ ಅದೇ ನಗು.

"ಎಲ್ಲಾರೂ ಇದ್ದೀರಾ? ಒಳ್ಳೇದಾಯ್ತು. ಒಂದು ಮಾತು ಹೇಳ್ತೀನಿ ಕೇಳಿ. ಒಂದು ಕಾಗದದಲ್ಲೂ ನನ್ನ ಸಹಿ ಇಲ್ಲ. ಪೊಲೀಸ್ ಅಂತ ಹೋದ್ರೆ ಮೊದ್ಲು ಒಳಗೆ ಹೋಗೋರು ನೀವು ಹನ್ನೆರಡು ಜನ. ಮಕ್ಕಳು ಮರಿ ನೋಡ್ಕೊಂಡು ಸುಮ್ನಿರಿ."

ಕಂಕುಳಲ್ಲಿ ಕೂಸಿದ್ದವಳು ಬಿಕ್ಕಿದಳು. ಅವನು ಹೇಳಿದ್ದು ನಿಜವೇ ಆಗಿತ್ತು. ಅದೇ ಕಷ್ಟ.

ಅಕ್ಕ ಎದ್ದಳು. ಕೊರಳಲ್ಲಿ ಅಳತೆ ಟೇಪ್ ನೇತಾಡುತ್ತಿತ್ತು.

"ಹೋಗ್ತೀವಿ."

"ಏನು?"

"ಒಳಗೆ ಹಾಕ್ತಾರೆ ಅಂದ್ರಲ್ಲ, ಹಾಕ್ಲಿ. ಹನ್ನೆರಡು ಜನಾನೂ ಹೋಗ್ತೀವಿ. ಆ ಅಜ್ಜನ ಹೆಂಡ್ತಿ ಕಣ್ಣು ನನ್ನ ಹೆಸರಲ್ಲಿ ಹೋಗ್ಬಾರ್ದು. ನೀವೂ ನಡೀರಿ ಮೇಷ್ಟ್ರೇ. ಪಾಠ ಎಲ್ಲಾ ಹೇಳ್ಕೊಟ್ಟಿದ್ದು ನೀವೇ ತಾನೇ?"

ಒಬ್ಬಳು ಎದ್ದಳು. ಇನ್ನೊಬ್ಬಳು ಎದ್ದಳು. ಕೂಸಿದ್ದವಳೂ ಮೂಗು ಒರೆಸಿಕೊಂಡು ಎದ್ದಳು.

ಮೇಷ್ಟ್ರ ನಗು ಮೊದಲ ಸಲ ಜಾರಿತು. ಬಾಗಿಲಿಗೆ ಓಡಿದ. ಅವನ ಕಾರಿಗೆ ಅಡ್ಡವಾಗಿ ವ್ಯಾನ್ ನಿಂತಿತ್ತು. ಡ್ರೈವರಮ್ಮನ ಕೈಯಲ್ಲಿದ್ದ ಸ್ಕ್ಯಾನರಿಗೆ ಕೈ ಹಾಕಿದ. ನನ್ನ ಮುಷ್ಟಿ ಅವನ ಮೂಗಿಗೆ ಬಿತ್ತು!

ಆಗಲೇ ಹೇಳಿದ್ದೆನಲ್ಲ, ಕೋಪವನ್ನು ಇನ್ನೂ ನೋಡಿಲ್ಲ ಎಂದು!

ಮೇಷ್ಟ್ರನ್ನೂ ರೂಮಿನಲ್ಲಿದ್ದ ಬೋಳುತಲೆಯವನನ್ನೂ ವ್ಯಾನಿಗೆ ತುಂಬಿಕೊಂಡು ಹೋದೆವು. ಸೈಬರ್ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಅಕ್ಕನನ್ನು ನೋಡಿದ. "ಖಾತೆ ನಿಮ್ದು, ಸಹಿ ನಿಮ್ದು. ಒಂದನೇ ಆರೋಪಿ ಅಂತ ನಿಮ್ಮನ್ನೇ ಬರೀಬೇಕಾಗುತ್ತೆ."

"ಬರೀರಿ ಸಾರ್. ನಿಧಾನವಾಗಿ ಬರೀರಿ, ಏನೂ ಬಿಡ್ಬೇಡಿ."

ಹದಿಮೂರು ದಿನ ಒಳಗಿದ್ದಳು. ನಾನು ಎಷ್ಟು ಲಾಯರ್‌ಗಳ ಮೆಟ್ಟಿಲು ಹತ್ತಿದೆ ಎಂದು ಲೆಕ್ಕ ಇಟ್ಟಿಲ್ಲ. ಕೊನೆಗೆ ತೂಕದ ಪಟ್ಟಿ ಮಾತಾಡಿತು. ಮೇಷ್ಟ್ರ ಜೇಬಿನ ಹನ್ನೆರಡು ಸಿಮ್‌ಗಳೂ ಮಾತಾಡಿದವು. ಆರೋಪಿಗಳ ಪಟ್ಟಿಯಿಂದ ಹನ್ನೆರಡು ಹೆಸರು ಸಾಕ್ಷಿಗಳ ಪಟ್ಟಿಗೆ ಬಂದವು. ಡ್ರೈವರಜ್ಜನ ದುಡ್ಡು ನಾಲ್ಕು ತಿಂಗಳಿಗೆ ವಾಪಸ್ಸಾಯಿತು. ಅಜ್ಜಿಯ ಆಪರೇಷನ್ ಆಯಿತು. ಒಂದು ಕಣ್ಣು ಚೆನ್ನಾಗಿ ಕಾಣುತ್ತದೆ, ಇನ್ನೊಂದು ತಡವಾಗಿತ್ತಂತೆ.

ಮೇಷ್ಟ್ರ ಮೇಲಿದ್ದವರು ಇನ್ನೂ ಸಿಕ್ಕಿಲ್ಲ. ಹುಡುಕುತ್ತಿದ್ದೇನೆ.

ಮೊನ್ನೆ ಕೋರ್ಟಿನ ಕಾರಿಡಾರಿನಲ್ಲಿ ಮೇಷ್ಟ್ರು ಎದುರಾದ. ಕೈಗೆ ಕೋಳ, ಪಕ್ಕದಲ್ಲಿ ಪೇದೆ. ಶರ್ಟಿಗೆ ಇಸ್ತ್ರಿ ಇರಲಿಲ್ಲ. ಅಕ್ಕನ ಮುಂದೆ ಬೇಕೆಂದೇ ನಿಂತ.

"ನನ್ನ ಹಿಡಿದ್ರೆ ಮುಗೀತು ಅಂದ್ಕೊಂಡ್ರಾ? ನನ್ನ ಜಾಗಕ್ಕೆ ನಾಳೆ ಇನ್ನೊಬ್ಬ ಬರ್ತಾನೆ!"

ಅಕ್ಕ ಅವನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದಳು.

"ಬರ್ಲಿ ಮೇಷ್ಟ್ರೇ... ಒಳಗೆ ಸ್ವಲ್ಪ ಸರಿದು ಕೂತ್ಕೊಳ್ಳಿ. ಅವನಿಗೂ ಜಾಗ ಬೇಕಲ್ಲ!"